ಗೊತ್ತಿದ್ದವರು ಹೊಡೆಯಬೇಕು

ಗುರುವಂದನೆಯ ಕರೆ ಬಂದ ದಿನದಿಂದ ರಾಜಪ್ಪ ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಿವೃತ್ತರಾಗಿ ಶಿಕಾರಿಪುರಕ್ಕೆ ಬಂದು ಕೂತ ಮೇಲೆ ಪಾಠ ಮಾಡಿದ ಸೊರಬದ ಒಂದು ನರಪಿಳ್ಳೆಯೂ ಅವರನ್ನು ವಿಚಾರಿಸಿರಲಿಲ್ಲ. ಈಗ ನೋಡಿದರೆ ಹಳೆಯ ಹತ್ತನೇ ಕ್ಲಾಸಿನವರೆಲ್ಲ ಸೇರಿ, ಸಮುದಾಯ ಭವನ ಹಿಡಿದು, ಹೋಳಿಗೆ ಊಟ ಹಾಕಿಸಿ, ಇವರಿಗೆ ಶಾಲು ಹೊದಿಸುತ್ತಾರಂತೆ! ಫೋನ್ ಮಾಡಿದವಳು ನಾಹಿದಾ. ಆ ಕ್ಲಾಸಿಗೆಲ್ಲ ಜಾಣೆ, ಈಗ ತಾನೂ ಇಂಗ್ಲಿಷ್ ಟೀಚರು.

"ಮಗಳನ್ನ ಕರ್ಕಂಡೇ ಬರ್ಬೇಕು ಸರ್. ಅವರು ನಿಮ್ಮ ಪಾಠ ಕೇಳಿಲ್ವಲ್ಲ, ಒಂದ್ಸಲ ಕೇಳ್ಲಿ" ಎಂದು ಅವಳು ಒತ್ತಿ ಒತ್ತಿ ಹೇಳಿದ್ದಳು.

ಮಗಳು ಮೇಘನಾಗೂ ಅಷ್ಟೇ ಉಮೇದು. ಶಿಕಾರಿಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಅವಳದೂ ಇಂಗ್ಲಿಷೇ. ರಜೆ ಹಾಕಿ, ಅಪ್ಪನ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿ, ಸೊರಬದ ಬಸ್ಸಿನಲ್ಲಿ ಅವರ ಪಕ್ಕದಲ್ಲಿ ಕೂತಳು. "ಟೇಕ್ ಬಗ್ಗೆನೇ ಮಾತಾಡ್ರಿ ಅಪ್ಪಾಜಿ. ಅದನ್ನ ನಿಮ್ಮ ಹಂಗೆ ಹೇಳೋರು ಈ ಜಿಲ್ಲೆಲೇ ಇಲ್ಲ."

ಮೇಷ್ಟ್ರ ಜನ್ಮದ ಗಳಿಕೆ ಎಂದರೆ ಈ ಒಂದು ಕ್ರಿಯಾಪದ. ಟೇಕ್ ಎಂದರೆ ತೆಗೆದುಕೊ ಎಂದು ಊರಿಗೆಲ್ಲ ಗೊತ್ತು. ಆದರೆ ಅದರ ಬಾಲಕ್ಕೆ ಒಂದು ಪುಟ್ಟ ಶಬ್ದ ಅಂಟಿಸಿದರೆ ವಿಮಾನ ಏರುತ್ತದೆ, ಅದೇ ಶಬ್ದಕ್ಕೆ ಅಂಗಿಯೂ ಕಳಚುತ್ತದೆ, ಮತ್ತೊಂದು ಅಂಟಿಸಿದರೆ ಮಗಳು ಅಪ್ಪನನ್ನು ಹೋಲುತ್ತಾಳೆ. ಮೇಘನಾಗೆ ಚಿಕ್ಕಂದಿನಲ್ಲಿ ಇದೇ ರಾತ್ರಿಯ ಕತೆ. ತಾಯಿಯಿಲ್ಲದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮೇಷ್ಟ್ರು ಹೇಳುತ್ತಿದ್ದರು: ಈ ಶಬ್ದ ಇಂಗ್ಲಿಷಿನವರದೇ ಅಲ್ಲ ಪುಟ್ಟಿ, ಬಡಗಣ ಸಮುದ್ರದಿಂದ ಹಡಗಿನಲ್ಲಿ ಬಂದ ದರೋಡೆಕೋರರು 'ಟಾಕ' 'ಟಾಕ' ಅನ್ನುತ್ತ ತಂದದ್ದು. ಅದಕ್ಕೂ ಹಿಂದೆ ಅದರ ಅರ್ಥ ಬರೀ ಮುಟ್ಟುವುದು. ಮುಟ್ಟಿದವರು ಹಿಡಿದರು, ಹಿಡಿದವರು ಕಿತ್ತುಕೊಂಡರು.

"ಅಲ್ಲಿ ಮೊದಲಿಂದ ಒಂದು ಹಳೇ ಶಬ್ದ ಇತ್ತು. ಅದನ್ನ ಮನೆಯಿಂದ ಹೊರಗೆ ಹಾಕಿ ಟೇಕ್ ಯಜಮಾನ ಆಗಿ ಕೂತ್ಕಂತು. ಆ ಹಳೇ ಶಬ್ದ..." ಬಸ್ಸಿನಲ್ಲಿ ಭಾಷಣದ ತಾಲೀಮು ನಡೆಸಿದ್ದ ಮೇಷ್ಟ್ರು ಇಲ್ಲಿಗೆ ಬಂದು ನಿಂತುಬಿಟ್ಟರು. ಈಚೆಗೆ ಹೀಗೇ, ನಾಲಿಗೆಯ ತುದಿಯಲ್ಲಿದ್ದದ್ದು ಬರುತ್ತಿರಲಿಲ್ಲ.

"ನಿಮನ್" ಎಂದಳು ಮೇಘನಾ. "ಅದರ ಮಕ್ಕಳು ಒಂದೆರಡು ಉಳ್ಕಂಡಿದಾವೆ ಅಂತ ನೀವೇ ಹೇಳ್ಕೊಟ್ಟಿದ್ದು. ಕೈಕಾಲು ಮರಗಟ್ಟೋದಕ್ಕೆ ಇಂಗ್ಲಿಷಲ್ಲಿ 'ನಮ್' ಅಂತಾರಲ್ಲ, ಅದು ಆ ನಿಮನ್‌ನ ಕೂಸು."

"ಅದೇ, ಅದೇ" ಎಂದು ಮೇಷ್ಟ್ರು ಹಿಗ್ಗಿದರು. "ಥೇಟ್ ನನ್ನ ಹಂಗೇ ಆದೆ ನೋಡು ನೀನು."

ಒಂದು ಮಾತು ಮಾತ್ರ ಅವರು ಮಗಳಿಗೆ ಯಾವತ್ತೂ ಹೇಳಿರಲಿಲ್ಲ. ಮನೆಯಲ್ಲಿ ಅವಳ ಮೇಲೆ ಕೈ ಎತ್ತದ ಮನುಷ್ಯ, ಕ್ಲಾಸಿನ ಬಾಗಿಲು ದಾಟಿದರೆ ಬೇರೆಯೇ ಪ್ರಾಣಿ. ಅಲ್ಲಿ ಅವರದೊಂದು ರೂಲಿತ್ತು. ಟೇಕ್‌ನ ಒಂದು ಅರ್ಥ ಕೇಳುವುದು. ಗೊತ್ತಿಲ್ಲದವರೆಲ್ಲ ಬೆಂಚಿನ ಮೇಲೆ ನಿಲ್ಲಬೇಕು. ಗೊತ್ತಿದ್ದವರು ಒಬ್ಬೊಬ್ಬರ ಮುಂದೆಯೂ ಹೋಗಿ, ಮೂಗು ಹಿಡಿದು, ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಹೊಡೆದರೋ, ಹೊಡೆದವರಿಗೇ ಬಿತ್ತು. ತಾವು ಕೈ ಕೊಳೆ ಮಾಡಿಕೊಳ್ಳದೆ ಇಡೀ ಕ್ಲಾಸನ್ನು ಅಳಿಸುವ ಈ ಜಾಣತನಕ್ಕೆ ಮೇಷ್ಟ್ರು ಒಳಗೊಳಗೇ ಬೀಗುತ್ತಿದ್ದರು. ಇದು ಮೇಘನಾಗೆ ತಿಳಿಯಬಾರದು. ಅವಳ ಕಣ್ಣಿನಲ್ಲಿ ತಾನು ದೇವರು, ಆ ಪಟ್ಟವೊಂದು ಉಳಿದರೆ ಸಾಕು. ಅವರೆಲ್ಲ ಮರೆತಿರುತ್ತಾರೆ ಬಿಡು, ಇಲ್ಲದಿದ್ದರೆ ಶಾಲು ಯಾಕೆ ಹೊದಿಸುತ್ತಾರೆ ಎಂದುಕೊಂಡು ಅವರು ಶಿರಾಳಕೊಪ್ಪ ದಾಟುವುದರೊಳಗೆ ಧೈರ್ಯ ತಂದುಕೊಂಡರು.

ಮರೆತಿದ್ದರಂತೆ, ಪಾಪ!

ಭವನದ ಬಾಗಿಲಲ್ಲೇ ಉಜ್ಜಪ್ಪ ಕಾಲಿಗೆ ಬಿದ್ದ. ಕ್ಲಾಸಿನಲ್ಲಿ ಹಿಂದಿನ ಬೆಂಚು, ಈಗ ಜೋಳದ ವ್ಯಾಪಾರಿ, ಒಳ್ಳೇ ಹೊಟ್ಟೆ ಬಂದಿದೆ. ಎಲ್ಲರೂ ನಗುತ್ತ ಬಂದು ಕೈ ಹಿಡಿದರು. ಮೇಘನಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳ ಪಕ್ಕದಲ್ಲಿ ಗಡ್ಡದ ಗಂಡಸೊಬ್ಬ, ವೇದಿಕೆಯ ಕಡೆ ಬಲಗಿವಿ ಕೊಟ್ಟು, ತುಸು ಓರೆಯಾಗಿ ಕೂತಿದ್ದ. ಮೇಷ್ಟ್ರಿಗೆ ಅವನ ಗುರುತು ಹತ್ತಲಿಲ್ಲ.

ನಿರೂಪಣೆ ನಾಹಿದಾಳದು. ಅವಳು ಹೊಗಳಿದ್ದೇ ಹೊಗಳಿದ್ದು. ಮೇಷ್ಟ್ರು ಎದ್ದು ಟೇಕ್ ಶುರು ಮಾಡಿದರೆ, ಅಬ್ಬಬ್ಬಾ, ಹಳೆಯ ಗತ್ತೆಲ್ಲ ಮೈಮೇಲೆ ಬಂತು. ಹಡಗು ಬಂತು, ದರೋಡೆಕೋರರು ಬಂದರು, ಮುಟ್ಟಿದ್ದು ಹಿಡಿದದ್ದಾಯಿತು. ಹಳೆಯ ಶಬ್ದದ ಹತ್ತಿರ ಬಂದಾಗ ಹೆಸರು ಮತ್ತೆ ಕೈಕೊಟ್ಟಿತು, "ಹಳೇದೊಂದಿತ್ತು, ಅದು ಹೋಯ್ತು" ಎಂದು ಜಾಣತನದಿಂದ ಹಾರಿಸಿ ಮುಗಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮೇಘನಾಳ ಕಣ್ಣು ಒದ್ದೆಯಾಗಿತ್ತು.

ಹಾರಿಸಿದ್ದು ನಾಹಿದಾಗೆ ಕಾಣದೆ ಇರುತ್ತದೆಯೇ?

"ಈಗ ನಾವು ಕೇಳ್ತೀವಿ, ಸರ್ ಹೇಳ್ಬೇಕು. ಅವರದೇ ಪದ್ಧತಿ" ಎಂದಳು ಮೈಕಿನಲ್ಲಿ. ಸಭೆ ಹೋ ಎಂದಿತು. ಉಜ್ಜಪ್ಪ ಒಂದು ಬೆಂಚು ತಂದು ವೇದಿಕೆಯ ನಡುವೆ ಇಟ್ಟ. "ಹತ್ತೋದೆಲ್ಲ ಬ್ಯಾಡ ಸರ್, ವಯಸ್ಸಾಗೈತೆ. ಮುಂದೆ ನಿಂತ್ಕಳಿ ಸಾಕು." ಮೇಷ್ಟ್ರ ಕಣ್ಣು ಒಮ್ಮೆ ಮಗಳ ಕಡೆ ಹೋಯಿತು. ಆದರೂ ನಗುತ್ತ ನಿಂತರು, ಇನ್ನೇನು ಮಾಡಿಯಾರು?

"ಟೇಕ್ ಬಂದು ಹೊರಗೆ ಹಾಕ್ತಲ್ಲ ಸರ್, ಆ ಹಳೇ ಶಬ್ದ ಯಾವ್ದು?"

ಮೇಷ್ಟ್ರು ಬಾಯಿ ತೆರೆದರು. ಏನೂ ಬರಲಿಲ್ಲ. ಇಡೀ ಭವನ ಕಾಯುತ್ತಿತ್ತು. ಅಪ್ಪ ಒದ್ದಾಡುವುದನ್ನು ಮಗಳು ಎಷ್ಟು ಹೊತ್ತು ನೋಡಿಯಾಳು?

"ನಿಮನ್, ಅಪ್ಪಾಜಿ! ನಿಮನ್!" ಎಂದು ಮೇಘನಾ ಕೂಗಿಯೇಬಿಟ್ಟಳು.

ಯಾರೋ ಸೀಟಿ ಹೊಡೆದರು. "ಶಭಾಷ್" ಎಂದಳು ನಾಹಿದಾ. "ಮೇಲೆ ಬನ್ನಿ ಮೇಡಂ. ಏನ್ರಪ್ಪಾ, ಗೊತ್ತಿದ್ದೋರು ಏನ್ ಮಾಡ್ಬೇಕು?"

"ಮೂಗು ಹಿಡ್ದು ಕಪಾಳಕ್ಕೆ!" ನಲವತ್ತು ದಾಟಿದ ಗಂಡಸರು ಹೆಂಗಸರು ಶಾಲೆಯ ಮಕ್ಕಳ ಹಾಗೆ ಒಂದೇ ದನಿಯಲ್ಲಿ ಅರಚಿದರು.

ಮೇಘನಾ ನಗುತ್ತಲೇ ಮೇಲೆ ಬಂದಳು. "ಏನಿದು ಅಪ್ಪಾಜಿ?" "ಏನೋ ತಮಾಷೆ, ಹುಡುಗ್ರು" ಎಂದರು ಮೇಷ್ಟ್ರು. ಅವಳು ತಮಾಷೆಗೇ ಅಪ್ಪನ ಮೂಗು ಹಿಡಿದು ಕೆನ್ನೆಯನ್ನು ಹೀಗೆ ಸವರಿದಳು.

"ಸವರಂಗಿಲ್ಲ! ಸವರಂಗಿಲ್ಲ!" ಎಂದು ಸಭೆ ಕಿರುಚಿತು. ನಾಹಿದಾ ಕೈ ಎತ್ತಿದ ಮೇಲೆ ಗದ್ದಲ ನಿಂತಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹಾಜರಿ ಕೂಗುವಷ್ಟೇ ತಣ್ಣಗಿತ್ತು.

"ಸವರಿದ್ರೆ ಏನಾಗುತ್ತೆ ಹೇಳ್ತೀನಿ ಮೇಡಂ. ನಿಮ್ಮ ಪಕ್ಕ ಕೂತಿದ್ನಲ್ಲ, ಅವನು ನಮ್ಮಣ್ಣ ಅರ್ಫಾತ್. ಒಂದು ವರ್ಷ ಫೇಲಾಗಿ ನನ್ನ ಕ್ಲಾಸಿಗೇ ಬಂದು ಕೂತ. ನಂಗೆ ಎಲ್ಲಾ ಬರ್ತಿತ್ತು, ಅವನಿಗೆ ಬರ್ತಿರ್ಲಿಲ್ಲ. ದಿನಾ ನಮ್ಮಣ್ಣಂಗೆ ನಾನೇ ಹೊಡೀಬೇಕು. ಒಂದಿನ ಮೆಲ್ಲಗೆ ಹೊಡ್ದೆ. ಸರ್ ಬಂದು ನನ್ನ ಮುಂಗೈ ಹಿಡ್ಕಂಡು, ನನ್ನ ಕೈಲೇ ಹೊಡೆಸಿದ್ರು, ಹಿಂಗೆ, ಹಿಂಗೆ. ಕಿವೀಲಿ ರಕ್ತ ಬಂತು. ನಮ್ಮಬ್ಬಾ ಬಂದು ಕೇಳಿದ್ರೆ ಸರ್ ಏನಂದ್ರು ಗೊತ್ತಾ? 'ನಾನು ಮುಟ್ಟೇ ಇಲ್ಲ ಸಾಬ್ರೆ, ನಿಮ್ಮ ಮಗಳೇ ಹೊಡ್ದಿದ್ದು' ಅಂದ್ರು. ಅವತ್ತೇ ಅಣ್ಣ ಸ್ಕೂಲು ಬಿಟ್ಟ. ಎಡಗಿವಿ ಇವತ್ತಿಗೂ ಕೇಳಲ್ಲ."

ಕೆಳಗೆ ಅರ್ಫಾತ್ ತಲೆ ತಗ್ಗಿಸಿ ಕೂತಿದ್ದ. ಮೇಘನಾಳ ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ, ಎಲ್ಲಿ ಇಡಬೇಕು ತಿಳಿಯದೆ ಅಲ್ಲೇ ಉಳಿದಿತ್ತು.

"ಹೌದಾ ಅಪ್ಪಾಜಿ?" ಎಂದು ಕೇಳಿದಳು.

ಹೌದು ಎಂದಿದ್ದರೆ ಆಗುತ್ತಿತ್ತು. ತಪ್ಪಾಯ್ತು ಕಣೇ ಎಂದು ಕಣ್ಣೀರು ಹಾಕಿದ್ದರೆ ಆ ಹುಡುಗಿ ಅಪ್ಪನನ್ನು ಅಪ್ಪಿಕೊಂಡು ಮನೆಗೆ ಕರೆದೊಯ್ಯುತ್ತಿದ್ದಳು. ಆದರೆ ರಾಜಪ್ಪ ಮೇಷ್ಟ್ರಿಗೆ ತಮ್ಮ ಪಟ್ಟ ಉಳಿಯಬೇಕಲ್ಲ! ನಾಹಿದಾಳ ಕಡೆ ಬೆರಳು ತೋರಿಸಿದರು.

"ನಾನು ಮುಟ್ಟೇ ಇಲ್ಲ ಕಣವ್ವಾ. ಇವಳೇ ಹೊಡ್ದಿದ್ದು."

ಮೇಘನಾ ಎಡಗೈಯಲ್ಲಿ ಅಪ್ಪನ ಮೂಗನ್ನು ಬಿಗಿಯಾಗಿ ಹಿಡಿದು ಬಲಗೈ ಬೀಸಿದಳು. ಆ ಸದ್ದು ಮೈಕಿನಲ್ಲಿ ಬಂತು. ಮೇಷ್ಟ್ರ ಕನ್ನಡಕ ಹಾರಿ ಬೆಂಚಿನ ಕೆಳಗೆ ಬಿತ್ತು. ಸಭೆಗೆ ಬೇಕಾಗಿದ್ದದ್ದು ಇದೇ, ಆದರೆ ಈಗ ಯಾರೂ ನಗಲಿಲ್ಲ. ಅವಳು ಇನ್ನೊಂದು ಬಾರಿಸಿದಳು, ಅದು ಬೇಕೆಂದು ಯಾರೂ ಕೇಳಿರಲಿಲ್ಲ. ಮತ್ತೆ ಕೈ ಎತ್ತಿದಾಗ ನಾಹಿದಾಳೇ ಬಂದು "ಸಾಕು ಮೇಡಂ, ಬಿಡ್ರಿ" ಎಂದು ತಡೆಯಬೇಕಾಯಿತು.

"ಥೇಟ್ ಸರ್ ಕೈನೇ ಕಣ್ರೋ" ಎಂದ ಉಜ್ಜಪ್ಪ, ಮೆಲ್ಲಗೆ.

ಆಮೇಲೆ ಶಾಲು ಹೊದಿಸಿದರು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಒಂದನ್ನೂ ಬಿಡಲಿಲ್ಲ, ಪದ್ಧತಿಯೆಂದರೆ ಪದ್ಧತಿ. ಮೇಷ್ಟ್ರ ಎಡಗೆನ್ನೆ ಮರಗಟ್ಟಿ, ಹೋಳಿಗೆಯ ತುಪ್ಪ ತುಟಿಯಿಂದ ಇಳಿದದ್ದೂ ಅವರಿಗೆ ತಿಳಿಯಲಿಲ್ಲ. ಮಗಳು ಊಟಕ್ಕೆ ಬರಲಿಲ್ಲ.

ಸಂಜೆಯ ಸರ್ಕಾರಿ ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಿದ್ದಳು. ಹೆರಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮೇಷ್ಟ್ರು ಹಿಂದೆ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಂಡಕ್ಟರು ಶಾಲು, ಹಾರ ಎಲ್ಲ ನೋಡಿ, "ಸನ್ಮಾನ ಏನ್ರೀ ಮೇಷ್ಟ್ರೇ? ಪುಣ್ಯವಂತ್ರು ಬಿಡ್ರಿ" ಎಂದು ನಕ್ಕ.

"ಶಿಕಾರಿಪುರಕ್ಕೆ" ಎಂದರು ಮೇಷ್ಟ್ರು. "ನಂದೊಂದು, ಅಲ್ಲಿ ಮುಂದೆ ಕೂತಿದಾಳಲ್ಲ, ನಮ್ಮ ಹುಡುಗಿದೊಂದು."

ಕಂಡಕ್ಟರು ತಿರುಗಿ ನೋಡಿದ.

"ಆ ಮೇಡಂದು ಆಗ್ಲೇ ಫ್ರೀ ಟಿಕೆಟ್ ಹರ್ದಾಯ್ತಲ್ಲ. ಜೊತೆಗೆ ಯಾರಾದ್ರೂ ಇದಾರೇನ್ರೀ ಅಂತ ಕೇಳ್ದೆ. ಯಾರೂ ಇಲ್ಲ ಅಂದ್ರು."

ಮೇಷ್ಟ್ರು ತಮ್ಮದೊಂದು ಟಿಕೆಟ್ ತೆಗೆದುಕೊಂಡರು.