ಅಥೆನ್ಸಿನಲ್ಲಿ ಅತ್ತೆಯ ಮೊದಲ ತುತ್ತು

ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಫೋನಿನಲ್ಲಿ ಬೈಸಿಕೊಂಡವನು ಮಾತ್ರ ನನ್ನ ಗಂಡ ಸಿದ್ದರಾಮ. ಬೆಟಗೇರಿಯ ನಮ್ಮ ಮನೆಯಲ್ಲಿ ನೂಲನ್ನೂ ರೊಟ್ಟಿಯನ್ನೂ ಹಳೆ ಸೀರೆಯ ತುಂಡಿನಲ್ಲೇ ಗಂಟು ಕಟ್ಟುವುದು. ಗಂಟುಗಳನ್ನು ಮಗ್ಗದ ಕೋಣೆಯಲ್ಲಿ ಪಕ್ಕಪಕ್ಕ ಇಟ್ಟವನು ಅವನು. ಬಿಚ್ಚಿ ನೋಡದೆ ಎರಡು ಗಂಟು ಎತ್ತಿಕೊಂಡು ಬಂದವಳು ನಾನು. ಅಥೆನ್ಸಿನ ಹೋಟೆಲ್ಲಿನಲ್ಲಿ ಬಿಚ್ಚಿದರೆ ಎರಡರಲ್ಲೂ ನೂಲು! ನಲವತ್ತು ಖಡಕ್ ರೊಟ್ಟಿ ಊರಲ್ಲೇ ಉಳಿದಿದ್ದವು.

ಸೀರೆ ನೇಯ್ದು ತೋರಿಸಲಿಕ್ಕೆ ಅಲ್ಲಿನ ಕೈಮಗ್ಗದ ಮೇಳದವರು ನನ್ನ ಅತ್ತೆ ಮುತ್ತವ್ವನವರನ್ನು ಕರೆಸಿದ್ದರು. ಜೊತೆಗೆ ನಾನು. ಎಪ್ಪತ್ತು ವರ್ಷದಲ್ಲಿ ಅವರು ಹೊರಗಿನ ಅಡುಗೆ ಬಾಯಿಗೆ ಹಾಕಿದವರಲ್ಲ. ಎಲ್ಲಿ ಕೋಳಿ ತತ್ತಿ ಸೋಕಿರುತ್ತದೋ ಎಂದು ಗದಗಿನ ಮಿರ್ಚಿ ಬಜಿಯನ್ನೂ ಮುಟ್ಟಿಲ್ಲ. ಹೋಟೆಲ್ಲಿನ ತಿಂಡಿಯತ್ತ ತಿರುಗಿಯೂ ನೋಡಲಿಲ್ಲ. ಅತ್ತೆ ಉಣ್ಣದೆ ಸೊಸೆ ಉಣ್ಣುವ ಪದ್ಧತಿ ನಮ್ಮಲ್ಲಿಲ್ಲ. ಮೂವತ್ತು ವರ್ಷದಿಂದ ನಾನು ಕೊನೆಗೇ ಉಂಡವಳು. ಹೀಗಾಗಿ ಎರಡು ದಿನ ಇಬ್ಬರೂ ಬಾಳೆಹಣ್ಣಿನ ಮೇಲೇ ಇದ್ದೆವು.

ಮೂರನೇ ದಿನ ಹಣ್ಣೂ ಮುಗಿದಿತ್ತು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ನಾನು ತಪ್ಪದೆ ಖಾಲಿ ಹೊಟ್ಟೆಗೇ ನುಂಗಿದ್ದೆ, ಜಾಣೆ! ಮೇಳಕ್ಕೆ ನಡೆದು ಹೊರಟಾಗ ಮೈ ಬೆವರಿತು, ಕಣ್ಣಿಗೆ ಕತ್ತಲೆ ಕಟ್ಟಿತು. ರಸ್ತೆ ಪಕ್ಕದ ಕಟ್ಟೆಯ ಮೇಲೆ ಕುಸಿದೆ.

"ಅನ್ನಪೂರ್ಣಾ! ಏನಾತವಾ? ಮಾರಿ ಬೆಳ್ಳಗಾಗೈತಿ!" ಅತ್ತೆ ಗಾಬರಿಯಾದರು.

"ಏನಿಲ್ರಿ ಅತ್ತಿ. ನಡೀರಿ, ತಡ ಆಕ್ಕೈತಿ."

"ಎದ್ದರ ನೋಡು ಮತ್ತ! ಸುಮ್ನ ಕುಂಡ್ರು."

ಎದುರಿಗೇ ಒಬ್ಬ ಮುದುಕ ಗಾಡಿಯಲ್ಲಿ "ಕುಲೂರಿ, ಕುಲೂರಿ" ಎಂದು ಕೂಗುತ್ತಿದ್ದ. ದೊಡ್ಡ ಬಳೆಯಂಥ ಬ್ರೆಡ್ಡು, ಮೈತುಂಬ ಎಳ್ಳು. ಅತ್ತೆ ನಾಣ್ಯ ಕೊಟ್ಟು ಒಂದನ್ನು ತಂದರು.

"ಸಜ್ಜಿ ರೊಟ್ಟಿಗೆ ಹಚ್ಚಿದಂಗ ಎಳ್ಳು ಹಚ್ಯಾನ. ಹಿಡಿ, ತಿನ್ನು."

"ನೀವು ಉಣ್ಣದ ನಾ ಹೆಂಗ ತಿನ್ಲಿ? ನಾ ಒಲ್ಲೆ."

ಜೀವ ಹೋಗುವಂತಿದ್ದರೂ ನನ್ನ ಹಟ ಹೋಗಲಿಲ್ಲ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಮುದುಕನತ್ತ ತಿರುಗಿ, "ಇದಕ್ಕ ತತ್ತಿ ಹಾಕೀಯೇನೋ ಯಪ್ಪಾ?" ಎಂದು ಕೇಳಿ, ಅವನಿಗೆ ತಿಳಿಯಲೆಂದು ಮೊಣಕೈ ಬಡಿದು ಕೋಳಿಯಂತೆ ಕೊಕ್ಕೊಕ್ಕೋ ಎಂದುಬಿಟ್ಟರು. ಅದೂ ನಡುಬೀದಿಯಲ್ಲಿ! ಮುದುಕ ಹುಬ್ಬೇರಿಸಿ ಗದ್ದ ಮೇಲಕ್ಕೆತ್ತಿದ. ಹೂಂ ಅಂದನೋ ಊಹೂಂ ಅಂದನೋ ಆ ಶಿವನಿಗೇ ಗೊತ್ತು.

ಅತ್ತೆ ಕಣ್ಣು ಮುಚ್ಚಿದರು. "ಯಪ್ಪಾ ಶಿವನ, ತಪ್ಪಾದ್ರ ನನ್ನ ಮ್ಯಾಲ ಇರ್ಲಿ" ಎಂದವರೇ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು.

"ಅತ್ತಿ ಉಂಡ್ಲು. ಇನ್ನ ನೀ ತಿನ್ನು."

ತಿಂದೆ. ಬಿಸಿ ಆರಿರಲಿಲ್ಲ. ಅಳು ತಡೆಯಲಾಗಲಿಲ್ಲ.

"ಅಳ್ಕೋತ ತಿನ್ನಬ್ಯಾಡ, ಗಂಟಲಿಗೆ ಸಿಗತೈತಿ" ಎಂದು ಬೈಯುತ್ತ ಅತ್ತೆ ನನ್ನ ಪಕ್ಕದಲ್ಲೇ ಕುಳಿತರು. ಉಳಿದದ್ದನ್ನು ಎರಡು ಪಾಲು ಮಾಡಿ, ದೊಡ್ಡದನ್ನು ನನ್ನ ಕೈಗಿಟ್ಟರು.

"ಮೂವತ್ತು ವರ್ಷ ಆತು, ನೀ ಉಣ್ಣೂದನ್ನ ನಾ ನೋಡೇ ಇಲ್ಲಲ್ಲ" ಎಂದರು ಅತ್ತೆ. "ಊರಿಗೆ ಹೋದಮ್ಯಾಗ ನನ್ನ ಜೋಡಿನ ತಾಟು ಹಚ್ಕೊಂಡು ಕುಂಡ್ರು. ಕಡೀಕ ಉಂಡಿದ್ದು ಸಾಕು."

ಹೂಂ ಅಂದೆ. ಅವರು ಎದ್ದುಹೋಗಿ ಇನ್ನೊಂದು ಕುಲೂರಿ ತಂದರು.