ಅಣ್ಣನ ಮೆಟ್ಟು

ನನ್ನ ಗಂಡನಿಗೂ ನನ್ನ ಅಣ್ಣ ಪುಟ್ಟಮಾದಪ್ಪನಿಗೂ ಇದ್ದದ್ದು ಒಂದೇ ಹುಚ್ಚು. ಆಗ ನನ್ನ ತವರು, ಗಂಡನ ಊರು ಎರಡರಲ್ಲೂ ಮನೆಮಾತು ಕನ್ನಡ, ಆಳ್ವಿಕೆ ಮದರಾಸಿನದು. ಕೊಯಮತ್ತೂರಿಂದ ತಮಿಳು ಕಾಗದ ಬಂದರೆ ಓದಿಸಿಕೊಳ್ಳಲು ಮೇಷ್ಟರ ಬಾಗಿಲು ಕಾಯಬೇಕಿತ್ತು. ಇವರಿಬ್ಬರೂ ಮಾದಪ್ಪನ ಬೆಟ್ಟಕ್ಕೆ ಹೋಗಿ, ಊರು ಮೈಸೂರಿಗೆ ಸೇರುವ ತನಕ ಕಾಲಿಗೆ ಮೆಟ್ಟು ಹಾಕುವುದಿಲ್ಲ ಎಂದು ಹರಕೆ ಕಟ್ಟಿಕೊಂಡು ಬಂದರು. ರಾಜ್ಯ ಸೇರಿಸುವವರಿಗೆ ಇವರ ಕಾಲಿನ ಚಿಂತೆ ಇತ್ತೇ?

ಐವತ್ತಾರರಲ್ಲಿ ಕೊಳ್ಳೇಗಾಲದ ಜೊತೆ ನಮ್ಮ ಬಂಡಳ್ಳಿಯೂ ಮೈಸೂರಿಗೆ ಸೇರಿತು. ಬಿಳಿಗಿರಿರಂಗನ ಬೆಟ್ಟದಾಚೆ, ತಾಳವಾಡಿ ಸೀಮೆಯ ನನ್ನ ತವರು ಮದರಾಸಿಗೇ ಉಳಿಯಿತು. ಊರವರು ಪಾಯಸ ಕುಡಿದರು, ನಾನು ನನ್ನ ಪಾಲನ್ನು ಹಾಗೇ ಮುಚ್ಚಿಟ್ಟೆ. ಮದುವೆಯಾದವಳಿಗೆ ತವರು ಪರವೂರು ಅನ್ನುತ್ತಾರೆ, ಸರಿ. ಪರರಾಜ್ಯವೂ ಆಗಬೇಕೇ?

ನಾನು ಗಂಡನಿಗೆ ಹೊಸ ಮೆಟ್ಟು ತರಿಸಿಟ್ಟೆ. ಮುಟ್ಟಲಿಲ್ಲ.

"ಒಟ್ಗೆ ಕಟ್ಕಂಡ ಅರಕೆ. ಬಾವ ಬರಿಗಾಲಲ್ಲಿರುವಾಗ ನಾನೆಂಗ್ ಮೆಟ್ಲಿ?"

ಆರು ವರ್ಷ ಹಾಗೇ ನಡೆದರು. ಆಮೇಲೆ ಜಾಲಿಮುಳ್ಳು ಚುಚ್ಚಿ ಅಂಗಾಲು ಕೀವು ಕಟ್ಟಿತು. ಕೊಳ್ಳೇಗಾಲದ ಡಾಕ್ಟರು ಕುಯ್ದು ಕಟ್ಟಿ, ಚಪ್ಪಲಿ ಇಲ್ಲದೆ ಹೊಲಕ್ಕಿಳಿದರೆ ಮುಂದಿನ ಸಲ ಕಾಲನ್ನೇ ತೆಗೆಯಬೇಕಾದೀತು ಅಂದರು. ಮರುವಾರವೇ ಇವರು ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಹೊಲಕ್ಕೆ ಹೊರಟರು. ಬೈದೆ, ಅತ್ತು ಕರೆದೆ, ಎರಡು ದಿನ ಮುದ್ದೆ ಮಾಡದೆ ಕೂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಮೇಷ್ಟರ ಕೈಲಿ ಅಣ್ಣನಿಗೆ ಕಾಗದ ಬರೆಸಿದೆ.

ಎಂಟನೆಯ ದಿನ ಅಣ್ಣ ಬಂದ. ಕಾಲಲ್ಲಿ ಕಿರುಗುಟ್ಟುವ ಹೊಸ ಮೆಟ್ಟು. ಇವರು ಜಗಲಿಯಿಂದ ಎದ್ದು ನಿಂತರು.

"ಏನ್ ಬಾವ ಇದು? ನಿಮ್ಮೂರು ಸೇರ್ತಾ?"

"ಸೇರ್ನಿಲ್ಲ. ಸೇರಾದೂ ಇಲ್ಲ. ಬೆಟ್ಟಕ್ಕೋಗಿ ತಪ್ಪುಗಾಣ್ಕೆ ಆಕ್ಬಂದೆ. ನನ್ನ ಅರಕೆ ಮುಗೀತು. ಇನ್ ನೀವ್ ಯಾರಿಗೋಸ್ಕರ ಬರಿಗಾಲು?"

ಇವರು ನನ್ನ ಕಡೆ ತಿರುಗಿ, "ಆ ಮೆಟ್ ತತ್ತಾ" ಅಂದರು.

ಅಟ್ಟದ ಮೇಲೆ ಸೆಟೆದುಕೊಂಡಿದ್ದ ಮೆಟ್ಟಿಗೆ ಹರಳೆಣ್ಣೆ ಸವರಿ ತಂದುಕೊಟ್ಟೆ. ಗಂಡನ ಕಾಲು ಉಳಿಯಿತು ಎಂದು ಜೀವ ತಣ್ಣಗಾಯಿತು. ಅಷ್ಟೇ ಸಂಕಟವೂ ಆಯಿತು. ಅಣ್ಣನೇ ಆಸೆ ಬಿಟ್ಟ ಮೇಲೆ ನನ್ನ ತವರನ್ನು ಕೇಳುವವರು ಯಾರು?

ಮಾರನೆಯ ದಿನ ಅಣ್ಣನನ್ನು ಕಳಿಸಲು ಊರಾಚೆಯ ಹುಣಸೆಮರದ ತನಕ ಹೋದೆ. ಅಲ್ಲಿ ಕಲ್ಲಿನ ಮೇಲೆ ಕೂತು ಮೆಟ್ಟು ಬಿಟ್ಟ. ಬೆರಳಸಂದಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ನಿನ್ನೆ ಇದೇ ಮರದಡೀಲಿ ಮೆಟ್ಕಂಡಿದ್ದು ಕಣವ್ವ. ಬಾವನ ಕಾಲು ಉಳೀಲಿ ಅಂತ."

"ತಪ್ಪುಗಾಣ್ಕೆ ಆಕ್ದೆ ಅಂದ್ಯಲ್ಲಣ್ಣ?"

"ಅದು ಸುಳ್ಳು. ಬೇಕಾದ್ರೆ ಆ ಸುಳ್ಗೆ ತಪ್ಪುಗಾಣ್ಕೆ ಆಕ್ತೀನಿ. ಊರಿನ ಅರಕೆ ಬುಡಕ್ಕಾದದಾ?"

ಮೆಟ್ಟನ್ನು ನನ್ನ ಕೈಗೆ ಕೊಟ್ಟು ಬರಿಗಾಲಲ್ಲಿ ಬಸ್ಸಿನ ಕಡೆ ನಡೆದ. ಅವನು ಕಣ್ಮರೆಯಾಗುವ ತನಕ ನಾನು ಅಳುತ್ತ ನಿಂತಿದ್ದೆ.

ತವರು ಇನ್ನೂ ಸೇರಿಲ್ಲ. ಅಣ್ಣ ಬರುತ್ತೇನೆಂದು ಕಾಗದ ಬರೆದಾಗಲೆಲ್ಲ, ಇವರಿಗೆ ಸೊಪ್ಪು ಕುಯ್ಯುವ ನೆಪ ಹೇಳಿ ಹುಣಸೆಮರದ ಹತ್ತಿರ ಹೋಗಿ ಕಾಯುತ್ತೇನೆ. ಸೊಪ್ಪಿನ ಮಂಕರಿಯ ತಳದಲ್ಲಿ, ನಮ್ಮ ಮನೆ ತನಕ ಮೆಟ್ಟಿಕೊಳ್ಳಲೆಂದು, ಅವನ ಮೆಟ್ಟು ಇರುತ್ತದೆ. ಹತ್ತು ವರ್ಷವಾಯಿತು, ಅಟ್ಟೆ ಸವೆದಿಲ್ಲ.