ಅಲ್ಲಿಯ ಕಾನೂನು

“ಇವತ್ತು ಸಂಜೆಯೊಳಗೆ ಯಾವ ದೇಶ ಅಂತ ಹೇಳಿಬಿಡಮ್ಮ,” ಎಂದರು ಅವಳ ಸೀನಿಯರ್ ವಕೀಲೆ, ಕರಿ ಕೋಟಿನ ತೋಳಿಗೆ ಕೈ ತೂರಿಸುತ್ತಾ. “ಎರಡು ಕಡೆ ಸೀಟು ಸಿಕ್ಕಿದೆ ಅಂತ ಎರಡು ದೋಣಿ ಮೇಲೆ ಕಾಲಿಟ್ಕೊಂಡು ಎಷ್ಟು ದಿನ ನಿಲ್ತೀಯ? ನಾಳೆ ಅವರಿಗೆ ಉತ್ತರ ಹೋಗಬೇಕು.”

ಅವಳು ಕಡತಕ್ಕೆ ದಾರ ಪೋಣಿಸುತ್ತಾ, “ಹೇಳ್ತೀನಿ ಮೇಡಂ,” ಎಂದಳು.

“ನನ್ನ ಕೇಳಿದ್ರೆ ಮೊದಲನೇದು. ಆ ದೇಶದ ಕಾನೂನೂ ನಮ್ಮದೂ ಒಂದೇ ತಾಯಿ ಮಕ್ಕಳು. ಒಂದು ವರ್ಷ ಓದಿ ಬಂದು ನೇರ ಕೋರ್ಟಿಗೆ ಇಳೀಬಹುದು. ಇನ್ನೊಂದು ಇದೆಯಲ್ಲ, ಆ ಹಿಮದ ದೇಶ, ಅಲ್ಲಿ ಮೊದಲು ಭಾಷೆ ಕಲೀಬೇಕು. ಆಮೇಲೆ ಅಲ್ಲಿಯ ಕಾನೂನು. ಅದು ಇಲ್ಲಿ ಯಾವ ಜಡ್ಜಿಗೂ ಬೇಡ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.”

“ಅಲ್ಲಿ ಮಕ್ಕಳ ಪಾಲನೆ ವಿಷಯದಲ್ಲಿ ತುಂಬಾ ಕೆಲಸ ಆಗಿದೆ ಮೇಡಂ.”

ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣವೂ ಅಲ್ಲ. ಆ ಆಫೀಸಿಗೆ ಬರುತ್ತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡದ ಗಂಡ ಹೆಂಡಿರು. ಒಳಗೆ ಮಾತು ಬಿಸಿಯಾದಾಗ ಅವರ ಮಕ್ಕಳನ್ನು ಪಕ್ಕದ ಕೋಣೆಗೆ ಕರೆದೊಯ್ಯುವುದು ಅವಳ ಕೆಲಸ. ಅವಳ ಹತ್ತಿರ ಮಕ್ಕಳು ಅಳುತ್ತಿರಲಿಲ್ಲ. ಅಮ್ಮ ಬೇಕಾ ಅಪ್ಪ ಬೇಕಾ ಎಂದು ಅವಳೊಬ್ಬಳು ಮಾತ್ರ ಕೇಳುತ್ತಿರಲಿಲ್ಲ. ಅದಕ್ಕಿರಬಹುದು.

ಅವಳ ಅಮ್ಮ ಇದ್ದದ್ದು ಹಿಮದ ದೇಶದಲ್ಲಿ. ಇವಳು ನಾಲ್ಕನೇ ತರಗತಿಯಲ್ಲಿದ್ದಾಗ, ಎರಡು ವರ್ಷದ ಮಾತೆಂದು ನರ್ಸ್ ಕೆಲಸಕ್ಕೆ ಹೋದವಳು ಅಲ್ಲೇ ಉಳಿದಳು. ಇಲ್ಲಿಯ ಮದುವೆ ಬಿಡಿಸಿಕೊಂಡಳು, ಅಲ್ಲಿ ಇನ್ನೊಂದಾಯಿತು. ಹುಟ್ಟುಹಬ್ಬಕ್ಕೆ ತಪ್ಪದೆ ಫೋನು ಮಾಡುತ್ತಿದ್ದಳು. ತನ್ನ ಹೊಸ ಮಕ್ಕಳ ಬಗ್ಗೆ ತಾನಾಗಿ ಎಂದೂ ಎತ್ತುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ. ಅರ್ಜಿ ಹಾಕಿದ ವಿಷಯವನ್ನು ಇವಳು ಸೀಟು ಸಿಗುವ ತನಕ ಅಮ್ಮನಿಗೆ ಹೇಳಿರಲಿಲ್ಲ. ಸಿಕ್ಕ ಮೇಲೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಮಧ್ಯಾಹ್ನ ಕೋರ್ಟು ಊಟಕ್ಕೆ ಎದ್ದಿತು. ಖಾಲಿಯಾದ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು ಅವಳು ಫೋನು ಹಚ್ಚಿದಳು. ಯಾರೋ ಆರಿಸದೆ ಹೋದ ಫ್ಯಾನು ತಲೆಯ ಮೇಲೆ ಕಿರುಗುಟ್ಟುತ್ತಿತ್ತು.

“ಪುಟ್ಟೀ! ಏನೇ ಇದು, ಹುಷಾರಾಗಿದ್ದೀಯ ತಾನೆ?” ಹುಟ್ಟುಹಬ್ಬವಲ್ಲದ ದಿನ ಫೋನು ಬಂದದ್ದಕ್ಕೆ ಅಮ್ಮನಿಗೆ ಗಾಬರಿ.

“ಹುಷಾರಾಗಿದ್ದೀನಮ್ಮ. ಮುಂದಕ್ಕೆ ಓದೋಕೆ ಸೀಟು ಸಿಕ್ಕಿದೆ. ಎರಡು ದೇಶದಲ್ಲಿ.” ಮೊದಲನೆಯದರ ಹೆಸರು ಹೇಳಿದಳು. ಆಮೇಲೆ, “ಇನ್ನೊಂದು ನಿಮ್ಮೂರಲ್ಲೇ,” ಎಂದಳು.

ಆ ಕಡೆ ಹರಿಯುತ್ತಿದ್ದ ನಲ್ಲಿಯ ಸದ್ದು ನಿಂತಿತು. ಒಂದು ಬಾಗಿಲು ಮುಚ್ಚಿಕೊಂಡಿತು. ಅಮ್ಮ ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

“ಇಲ್ಲಿಗಾ? ಇಲ್ಲಿಗೆ ಬಂದು ಏನು ಓದ್ತೀಯೇ? ಭಾಷೆ ಕಬ್ಬಿಣದ ಕಡಲೆ. ನನಗೇ ಇನ್ನೂ ಅಂಗಡೀಲಿ ತಡವರಿಸುತ್ತೆ. ಚಳಿಗಾಲದಲ್ಲಿ ಬಿಸಿಲಿನ ಮುಖವೇ ಕಾಣಲ್ಲ. ಅಲ್ಲದೆ ಇಲ್ಲಿಯ ಕಾನೂನು ಅಲ್ಲಿ ನಡೆಯುತ್ತೇನು?”

ಸೀನಿಯರ್ ಹೇಳಿದ್ದೂ ಅದೇ ಮಾತು. ಆದರೆ ಸೀನಿಯರ್ ಉಸಿರು ಹಿಡಿದು ಹೇಳಿರಲಿಲ್ಲ.

“ನೀನು ಬಂದ್ರೆ ನನಗೆ ಸಂತೋಷ ಇಲ್ವಾ, ಹೇಳು? ಆದರೆ ಮಕ್ಕಳಿಗೆ...” ಅಮ್ಮ ನಿಲ್ಲಿಸಿದಳು. “ಮಕ್ಕಳಿಗೆ ನಿನ್ನ ವಿಷಯ ನಾನಿನ್ನೂ ಹೇಳಿಲ್ಲ ಕಣೇ. ಹೇಳ್ಬೇಕು ಅಂತ ಪ್ರತಿ ಸಲ ಅನ್ಕೋತೀನಿ. ದೊಡ್ಡದಕ್ಕೆ ಈಗ ಹನ್ನೊಂದು. ಸ್ವಲ್ಪ ಸೂಕ್ಷ್ಮ.”

ಪಾಟೀಸವಾಲಿನಲ್ಲಿ ಸಾಕ್ಷಿ ತಡವರಿಸಿದರೆ ಬಿಡಬಾರದು, ಇನ್ನೊಂದು ಪ್ರಶ್ನೆ ಹಾಕಬೇಕು ಎಂದು ಸೀನಿಯರ್ ಕಲಿಸಿದ್ದರು. ಅವಳ ನಾಲಗೆ ತುದಿಗೂ ಒಂದು ಪ್ರಶ್ನೆ ಬಂತು. ಕಟಕಟೆಯ ಸವೆದ ಮರವನ್ನು ನೋಡುತ್ತಾ ಅದನ್ನು ನುಂಗಿಕೊಂಡಳು.

“ಅಯ್ಯೋ, ನಾನು ಮೊದಲನೇದನ್ನೇ ಗಟ್ಟಿ ಮಾಡ್ಕೊಂಡಾಯ್ತಮ್ಮ. ಸುಮ್ನೆ ನಿನಗೊಂದು ಮಾತು ತಿಳಿಸೋಣ ಅಂತ ಮಾಡಿದೆ ಅಷ್ಟೆ.”

“ಹೌದಾ!” ಅಮ್ಮನ ದನಿ ಒಮ್ಮೆಲೇ ಮೇಲೆದ್ದಿತು. “ಮೊದಲೇ ಹೇಳಬಾರದಾ ಮಾರಾಯ್ತಿ!” ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಆ ಮೊದಲನೇ ದೇಶದಲ್ಲಿ ಗಾಳಿ ಜಾಸ್ತಿಯಂತೆ, ಕಿವಿ ಮುಚ್ಚಿಕೊಳ್ಳಬೇಕಂತೆ, ಉಣ್ಣೆಯ ಕಾಲುಚೀಲ ಇಲ್ಲಿಂದಲೇ ಒಯ್ಯಬಾರದಂತೆ, ಅಲ್ಲೇ ಒಳ್ಳೆಯದು ಸಿಗುತ್ತದಂತೆ. ಇಷ್ಟು ಹೊತ್ತು, ಇಷ್ಟು ಸಲುಗೆಯಿಂದ ಅಮ್ಮ ಎಂದೂ ಮಾತಾಡಿರಲಿಲ್ಲ. ಅವಳು ಹೂಂಗುಟ್ಟುತ್ತಾ ಕೇಳಿದಳು. ಜವಾನ ಬಂದು ಕಿಟಕಿ ತೆರೆಯತೊಡಗಿದಾಗ, “ಇಡ್ತೀನಮ್ಮ, ಕೋರ್ಟು ಶುರುವಾಗುತ್ತೆ,” ಎಂದಳು. ಕೋರ್ಟು ಶುರುವಾಗಲು ಇನ್ನೂ ಹೊತ್ತಿತ್ತು.

ಸೀನಿಯರ್‌ಗೆ ಹೇಳಿದಾಗ ಅವರು, “ನೋಡು, ಬುದ್ಧಿ ಬಂತು,” ಎಂದು ಬೆನ್ನು ತಟ್ಟಿದರು.

ಮನೆ ತಲುಪಿದಾಗ ಅಪ್ಪ ಬಾಲ್ಕನಿಯಲ್ಲಿ ಕುಳಿತು ಸೀಮೆಎಣ್ಣೆಯ ಚಿಂದಿಯಿಂದ ಬೆರಳಿನ ಗ್ರೀಸು ಒರೆಸಿಕೊಳ್ಳುತ್ತಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ಇಡೀ ದಿನ ಬೇರೆಯವರ ಕಟ್ಟಡದ ಕತ್ತಲು ಬಾವಿಯಲ್ಲಿ ತೂಗಾಡಿ ಬರುವವನು.

“ಏನು ಲಾಯರಮ್ಮ, ತೀರ್ಪು ಆಯ್ತಾ? ನನ್ನ ಲಿಫ್ಟೇ ವಾಸಿ. ಮೇಲಕ್ಕೊಂದು ಗುಂಡಿ, ಕೆಳಕ್ಕೊಂದು ಗುಂಡಿ. ಒತ್ತಿದ ಮೇಲೆ ಯೋಚನೆ ಇಲ್ಲ.” ನಗಿಸಲು ಹೇಳಿದ್ದನಾದರೂ ಅವನ ಕಣ್ಣು ಚಿಂದಿಯ ಮೇಲೇ ಇತ್ತು.

“ಆಯ್ತಪ್ಪ. ಮೊದಲನೇದು.”

ಒರೆಸುವ ಕೈ ನಿಂತಿತು. “ಅಮ್ಮ ಇರೋ ಕಡೆ ಹೋಗ್ತೀಯ ಅಂದ್ಕೊಂಡಿದ್ದೆ. ನಾನೇನೂ ಬೇಡ ಅನ್ನಲ್ಲ ಕಣಮ್ಮ. ಜ್ವರ ಗಿರ ಬಂದ್ರೆ ಹಣೆ ಮುಟ್ಟಿ ನೋಡೋಕೆ ಒಬ್ಬರು ಇರ್ತಾರೆ.”

“ಅಲ್ಲಿಯ ಕಾನೂನು ಇಲ್ಲಿ ನಡೆಯಲ್ಲಪ್ಪ.”

“ಹಾಗಾ? ಸರಿ ಬಿಡು ಮತ್ತೆ. ಕಾನೂನು ಅಂದ್ಮೇಲೆ ಕಾನೂನು.” ಒಳಗೆ ಹೋಗಿ ಅವನು ಟೀಗೆ ನೀರಿಟ್ಟ. ಸಕ್ಕರೆ ಡಬ್ಬಿ ಹುಡುಕುತ್ತಾ ಸಣ್ಣಗೆ ಸಿಳ್ಳೆ ಹಾಕತೊಡಗಿದ. ಅದು ಇವಳಿಗೆ ಕೇಳುತ್ತಿದೆಯೆಂದು ಹೊಳೆದಿರಬೇಕು, ನಡುವೆಯೇ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ, ತಡೆಯಲಾರದೆ, ಮತ್ತೆ ಶುರುವಾಯಿತು.

ಟೀ ತಂದು ಅವಳ ಕೈಗಿತ್ತು ಪಕ್ಕದಲ್ಲಿ ನಿಂತ. “ಅದು ಯಾವ ಕಡೆ ಬರುತ್ತೆ, ನೀನು ಹೋಗೋ ದೇಶ?”

ಅವಳು ಕೈಯೆತ್ತಿ ಎದುರು ಕಟ್ಟಡದ ನೀರಿನ ಟ್ಯಾಂಕಿನ ಆಚೆ ತೋರಿಸಿದಳು. ಇಲ್ಲಿಂದ ನೋಡಿದರೆ ಎರಡೂ ದೇಶ ಆ ಕಡೆಯೇ. ಅಪ್ಪ ಕಣ್ಣು ಕಿರಿದು ಮಾಡಿ ಅತ್ತಲೇ ನೋಡಿದ. ಆ ಮಹಡಿಯ ಮೇಲೆ ಹೆಂಗಸೊಬ್ಬಳು ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೂ ಹಗ್ಗ ಬಹಳ ಹೊತ್ತು ಅಲ್ಲಾಡುತ್ತಿತ್ತು.